ಹೂರಣದಲ್ಲಿ ಬೆಲ್ಲ ಎಷ್ಟು ಇಳಿಸಬಹುದು? ಎಳ್ಳಮಾಸಿ ಅಡುಗೆಯ ಪ್ರಶ್ನೋತ್ತರ

ಎಳ್ಳ ಅಮಾವಾಸ್ಯೆ ಹತ್ತಿರ ಬಂದಿದೆ. ಹೊಲಕ್ಕೆ ಹೋಗಿ ಚರಗ (ಭೂತಾಯಿಗೆ ಅರ್ಪಿಸುವ ನೈವೇದ್ಯ) ಚೆಲ್ಲುವ ಮನೆಗಳಲ್ಲಿ ಹೋಳಿಗೆ, ಕಡಬು, ಎಣಗಾಯಿ, ಭಜ್ಜಿ (ಸೊಪ್ಪು, ಹಸಿ ಕಾಳು ಕೂಡಿಸಿ ಬೇಯಿಸಿದ ಪಲ್ಯ), ಸಜ್ಜಿ ರೊಟ್ಟಿಯ ತಯಾರಿ ನಡೆದಿದೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಳಗೆ ತುಂಬುವ ಪದಾರ್ಥದ ಬಗ್ಗೆಯೇ ಇದ್ದವು. ಮಕ್ಕಳು ಅದನ್ನು ಇಷ್ಟಪಟ್ಟು ತಿನ್ನಬೇಕು, ಸಿಹಿಯೂ ಎಣ್ಣೆಯೂ ಮಿತಿಯಲ್ಲಿರಬೇಕು. ಅವುಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮನ್ಯಾಗ ಆರು ಮತ್ತ ಒಂಬತ್ತು ವರ್ಷದ ಎರಡು ಮಕ್ಕಳದಾವ್ರಿ. ಬ್ಯಾಳಿಗಿ ಸಮಸಮ ಬೆಲ್ಲ ಹಾಕೋದು ನಮ್ಮ ರೂಢಿ. ಹೋದ ಹಬ್ಬಕ್ಕ ಅರ್ಧ ಬೆಲ್ಲ ಹಾಕಿ ಮಾಡಿದ್ರ ಹೂರಣ ಉದುರು ಉದುರು ಆಗಿ, ಹುಡುಗ್ರು ಬರೇ ಕಣಕ ತಿಂದು ಹೂರಣ ತಾಟಿನಾಗ ಬಿಟ್ಟು ಎದ್ರು. ಎಷ್ಟು ಕಡಿಮಿ ಮಾಡಬಹುದು? — ಗೃಹಿಣಿ, ಕಲಬುರಗಿ

ಉತ್ತರ: ಮಕ್ಕಳು ಬಿಟ್ಟೆದ್ದದ್ದು ಸಿಹಿ ಕಡಿಮೆಯಾಯಿತೆಂದಲ್ಲ, ಗಂಟಲಲ್ಲಿ ಇಳಿಯಲಿಲ್ಲವೆಂದು. ಬೆಲ್ಲ ಸಿಹಿಯನ್ನಷ್ಟೇ ಕೊಡುವುದಿಲ್ಲ. ಅದು ನೀರನ್ನು ಹಿಡಿದಿಟ್ಟು ಬೇಳೆಯ ಹಿಟ್ಟನ್ನು ಮೆತ್ತಗೆ, ಅಂಟಂಟಾಗಿ ಇಡುತ್ತದೆ. ಅರ್ಧ ಬೆಲ್ಲ ತೆಗೆದು ಆ ಜಾಗಕ್ಕೆ ಬೇರೇನನ್ನೂ ಹಾಕದಿದ್ದರೆ ಹೂರಣ ಪುಡಿಪುಡಿಯಾಗಲೇಬೇಕು. ತೆಗೆದ ಬೆಲ್ಲದ ಜಾಗವನ್ನು ತೇವ ಮತ್ತು ಅಂಟು ಎರಡೂ ಇರುವ ಪದಾರ್ಥ ತುಂಬಬೇಕು. ಈ ಹಂಗಾಮಿನಲ್ಲಿ ಅದಕ್ಕೆ ಗೆಣಸಿಗಿಂತ ಒಳ್ಳೆಯದಿಲ್ಲ. ಅದಕ್ಕೆ ತನ್ನದೇ ಸಿಹಿಯೂ ಇದೆ.

ಹನ್ನೆರಡು ಹೋಳಿಗೆಗೆ ಅಳತೆ ಹೀಗಿದೆ: ಕಡಲೆಬೇಳೆ 200 ಗ್ರಾಂ, ಬೆಲ್ಲ 120 ಗ್ರಾಂ, ಹಬೆಯಲ್ಲಿ ಬೇಯಿಸಿ ಸಿಪ್ಪೆ ಸುಲಿದ ಗೆಣಸು 80 ಗ್ರಾಂ, ತುಪ್ಪ 2 ಚಮಚ, ಏಲಕ್ಕಿ 6, ಒಣಶುಂಠಿ ಪುಡಿ ಕಾಲು ಚಮಚ, ಚಿಟಿಕೆ ಜಾಜಿಕಾಯಿ, ಚಿಟಿಕೆ ಉಪ್ಪು. ಉಪ್ಪು ಮರೆಯಬೇಡಿ, ಕಡಿಮೆ ಬೆಲ್ಲದ ಹೂರಣ ಸಪ್ಪೆ ಎನಿಸದಿರುವುದು ಅದರಿಂದಲೇ.

ಬೇಳೆಯನ್ನು ಎರಡು ತಾಸು ನೆನೆಸಿ, ಮೂರು ಪಟ್ಟು ನೀರಲ್ಲಿ ಕುಕ್ಕರ್‌ನಲ್ಲಿ ಮೂರು ಸೀಟಿ ಹೊಡೆಸಿ. ಜಾಲರಿಯಲ್ಲಿ ಹತ್ತು ನಿಮಿಷ ಬಸಿಯಲು ಬಿಡಿ. ಆ ಕಟ್ಟು ಸಾರಿಗೆ ಬೇಕು, ಚೆಲ್ಲಬೇಡಿ. ಬೇಳೆ ಬಿಸಿಯಿರುವಾಗಲೇ ಗೆಣಸಿನ ಜೊತೆ ಅರೆಯಿರಿ. ಆರಿದ ಬೇಳೆ ಗಟ್ಟಿಯಾಗಿ, ಎಷ್ಟು ಅರೆದರೂ ರವೆರವೆಯಾಗಿ ಉಳಿಯುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕರಗಿಸಿ, ಸೋಸಿ, ಅರೆದ ಬೇಳೆ ಸೇರಿಸಿ ಮಧ್ಯಮ ಉರಿಯಲ್ಲಿ ಕೈಯಾಡಿಸಿ. ಸೌಟು ಹೂರಣದ ನಡುವೆ ನೆಟ್ಟರೆ ವಾಲದೆ ನಿಂತಾಗ ಇಳಿಸಬೇಕು. ಬೆಲ್ಲ ಕಡಿಮೆಯಿರುವುದರಿಂದ ಈ ಹದ ಬೇಗ ಬರುತ್ತದೆ, ಏಳೆಂಟು ನಿಮಿಷ ಸಾಕು. ಹಳೆಯ ಅಂದಾಜಿನಲ್ಲಿ ಹದಿನೈದು ನಿಮಿಷ ಕಾಯಿಸಿದರೆ ಮತ್ತೆ ಉದುರಾಗುತ್ತದೆ. ಬಿಸಿಯಲ್ಲಿ ಸ್ವಲ್ಪ ಸಡಿಲ ಕಂಡರೂ ಇಳಿಸಿಬಿಡಿ, ಆರಿದಾಗ ಬಿಗಿಯುತ್ತದೆ.

ಲೆಕ್ಕ ನೋಡಿ. ಸಮಸಮ ಬೆಲ್ಲದ ಹೂರಣದ 45 ಗ್ರಾಂ ಉಂಡೆಯಲ್ಲಿ ಸುಮಾರು 16 ಗ್ರಾಂ ಬೆಲ್ಲವಿರುತ್ತದೆ. ಈ ಅಳತೆಯಲ್ಲಿ ಅದು 10 ಗ್ರಾಂ ಆಸುಪಾಸು. ದಿನದ ಒಟ್ಟು ಕ್ಯಾಲರಿಯಲ್ಲಿ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಮಾತ್ರ ಸೇರಿಸಿದ ಸಕ್ಕರೆಯಿಂದ ಬರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರು ವರ್ಷದ ಮಗುವಿಗೆ ಅದು 34 ಗ್ರಾಂ ಸುತ್ತಮುತ್ತ. ಹಳೆಯ ಅಳತೆಯ ಎರಡು ಹೋಳಿಗೆ ತಿಂದರೆ ಆ ಮಿತಿ ಹೆಚ್ಚುಕಡಿಮೆ ಮುಗಿದಂತೆ. ಚಹಾ, ಬಿಸ್ಕೀಟು ಇನ್ನೂ ಬಾಕಿ ಇರುತ್ತವೆ.

200 ಗ್ರಾಂ ಬೇಳೆಗೆ 100 ಗ್ರಾಂಗಿಂತ ಕೆಳಗೆ ಇಳಿಯಬೇಡಿ. ಅದರ ಕೆಳಗೆ ಹೋದರೆ ಬೇಳೆಯ ಹಸಿವಾಸನೆ ಮೇಲೇಳುತ್ತದೆ. ಈ ಹಬ್ಬಕ್ಕೆ 150, ಯುಗಾದಿಗೆ 120 ಎಂದು ಇಳಿಸುತ್ತ ಬಂದರೆ ಮಕ್ಕಳ ನಾಲಿಗೆ ಜಗಳ ತೆಗೆಯುವುದಿಲ್ಲ. ಇನ್ನೊಂದು ಮಾತು, ಹೋಳಿಗೆಯನ್ನು ಬೆಚ್ಚಗೆ ಬಡಿಸಿ. ತಣ್ಣಗಿನ ಹೋಳಿಗೆಗಿಂತ ಬೆಚ್ಚಗಿನದು ನಾಲಿಗೆಗೆ ಹೆಚ್ಚು ಸಿಹಿ.

ಪ್ರಶ್ನೆ: ಬೆಲ್ಲದ ಬದಲಿ ಖಜೂರ ಹಾಕಿದ್ರ ಸಕ್ಕರಿ ಅಂಶ ಇರೂದಿಲ್ಲ ಅಂತಾರ. ಖರೇನಾ? — ಓದುಗರು, ಬೀದರ

ಉತ್ತರ: ಖರೆ ಅಲ್ಲ. ಒಣ ಖರ್ಜೂರದ ತೂಕದಲ್ಲಿ ಮೂರನೇ ಎರಡು ಭಾಗದಷ್ಟು ಸಕ್ಕರೆಯೇ. ನಾರು ಸಿಗುತ್ತದೆ, ಅಷ್ಟು ಲಾಭ. ಬೆಲ್ಲವೂ ಔಷಧವಲ್ಲ. ಸಕ್ಕರೆಗಿಂತ ಖನಿಜ ಸ್ವಲ್ಪ ಹೆಚ್ಚು, ಆದರೆ ನೂರು ಗ್ರಾಂನಲ್ಲಿ 85ಕ್ಕೂ ಮೇಲೆ ಸಕ್ಕರೆಯೇ. "ಬೆಲ್ಲ ತಾನೆ" ಎಂದು ಕೈಬಿಚ್ಚಿ ಹಾಕಿದರೆ ಏನೂ ಉಳಿತಾಯವಿಲ್ಲ. ಬೆಲ್ಲ ಕೊಳ್ಳುವಾಗ ಹಳದಿ ಹೊಳೆಯುವ ಅಚ್ಚಿಗೆ ಮಾರುಹೋಗಬೇಡಿ. ಬಣ್ಣ ತಿಳಿಯಾಗಲೆಂದು ಗಾಣದಲ್ಲಿ ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕ ಬಳಸುವ ರೂಢಿ ಇದೆ. ಕಂದು ಬೆಲ್ಲ ಹೂರಣಕ್ಕೆ ಬಣ್ಣವನ್ನೂ ಪರಿಮಳವನ್ನೂ ಕೊಡುತ್ತದೆ.

ಪ್ರಶ್ನೆ: ನಾಕು ಸೀಟಿ ಹೊಡಿಸಿದ್ರೂ ಬ್ಯಾಳಿ ನಡುವ ಕಾಳು ಹಂಗ ಉಳಿತದ. ಅದನ್ನ ಅರದು ಹೋಳಿಗಿ ಲಟ್ಟಸಿದ್ರ ಹರೀತದ. ಬೋರಿನ ನೀರಿಂದ ಹಿಂಗ ಆಗ್ತದೇನ್ರಿ? — ಆಳಂದ

ಉತ್ತರ: ನಿಮ್ಮ ಅನುಮಾನ ಸರಿಯಿದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೇಳೆಯ ಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತವೆ. ಎಷ್ಟು ಸೀಟಿ ಹೊಡೆದರೂ ನಡುಭಾಗ ಕರಗುವುದಿಲ್ಲ. ವರ್ಷ ದಾಟಿದ ಹಳೆ ಬೇಳೆಯಾದರೆ ಇನ್ನೂ ಕಷ್ಟ. ನೆನೆಸಲೂ ಬೇಯಿಸಲೂ ಆರ್‌ಒ ಫಿಲ್ಟರ್ ನೀರು ಬಳಸಿ. ಅದಿಲ್ಲದಿದ್ದರೆ ಬೋರಿನ ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ಕೆಳಗೆ ಕೂತ ಬಿಳಿ ಗಸಿ ಬಿಟ್ಟು ಮೇಲಿನ ತಿಳಿ ತೆಗೆದುಕೊಳ್ಳಿ. ಗಡಸುತನದ ಒಂದು ಭಾಗ ಹೀಗೆ ಹೋಗುತ್ತದೆ. ನೆನೆಸುವ ಹೊತ್ತನ್ನು ನಾಲ್ಕು ತಾಸಿಗೆ ಹೆಚ್ಚಿಸಿ. ಸೋಡಾ ಚಿಟಿಕೆ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಬಿ1 ಜೀವಸತ್ವ ನಾಶವಾಗುತ್ತದೆ, ಕಟ್ಟಿನ ಸಾರಿಗೂ ಸೋಡಾ ರುಚಿ ಬರುತ್ತದೆ.

ಬೆಲ್ಲವನ್ನು ಬೇಳೆ ಪೂರ್ತಿ ಬೆಂದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಅರೆಬೆಂದದ್ದು ಅಲ್ಲಿಗೇ ನಿಲ್ಲುತ್ತದೆ. ಒಂದು ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ನೋಡಿ. ಬಿಳಿ ಚುಕ್ಕೆ ಸಿಗದೆ ಪೂರ್ತಿ ಹಿಟ್ಟಾದರೆ ಬೆಂದಿದೆ.

ಇನ್ನೊಂದು ದಾರಿ ನಿಮ್ಮ ಊರಿನಲ್ಲೇ ಇದೆ, ಅರ್ಧ ಕಡಲೆಬೇಳೆ, ಅರ್ಧ ತೊಗರಿಬೇಳೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಅದು ಬೇಗ ಬೇಯುತ್ತದೆ, ನುಣ್ಣಗೆ ಅರೆಯುತ್ತದೆ. ಆದರೆ ಎರಡನ್ನೂ ಒಟ್ಟಿಗೆ ಕುಕ್ಕರ್‌ಗೆ ಇಡಬೇಡಿ. ಕಡಲೆ ಬೇಯುವಷ್ಟರಲ್ಲಿ ತೊಗರಿ ಕರಗಿ ಕಟ್ಟಿಗೆ ಸೇರಿಬಿಡುತ್ತದೆ. ತೊಗರಿಗೆ ಬೇರೆ ಡಬ್ಬಿ, ಎರಡೇ ಸೀಟಿ.

ಪ್ರಶ್ನೆ: ಮೈದಾ ಬಿಟ್ಟು ಗೋಧಿ ಹಿಟ್ಟಿನಾಗ ಮಾಡಿದ್ರ ಹೂರಣ ಹೊರಗ ಬರ್ತದ. — ಹುಮನಾಬಾದ

ಉತ್ತರ: ಗೋಧಿಯ ತೌಡಿನ ಚೂರುಗಳು ಕಣಕದ ಜಿಗುಟನ್ನು ಅಲ್ಲಲ್ಲಿ ಕತ್ತರಿಸುತ್ತವೆ. 250 ಗ್ರಾಂ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಹಿಡಿದು, 40 ಗ್ರಾಂ ಚಿರೋಟಿ ರವೆ, ಚಿಟಿಕೆ ಉಪ್ಪು ಮತ್ತು ಅರಿಶಿಣ ಸೇರಿಸಿ, ಚಪಾತಿ ಹಿಟ್ಟಿಗಿಂತ ಸಡಿಲವಾಗುವಷ್ಟು ನೀರು ಹಾಕಿ ಹತ್ತು ನಿಮಿಷ ನಾದಿ. ಕೊನೆಗೆ ಎರಡು ಚಮಚ ಎಣ್ಣೆ ಸವರಿ, ಒದ್ದೆ ಬಟ್ಟೆ ಮುಚ್ಚಿ ಒಂದು ತಾಸು ಬಿಡಿ. ಈ ಒಂದು ತಾಸನ್ನು ತಪ್ಪಿಸಿದರೆ ಉಳಿದದ್ದೆಲ್ಲ ವ್ಯರ್ಥ. ಹೂರಣ ಮತ್ತು ಕಣಕ ಬೆರಳಿಗೆ ಒಂದೇ ಮೆತ್ತಗೆ ಸಿಗಬೇಕು. ಹೂರಣ ಗಟ್ಟಿಯಿದ್ದು ಕಣಕ ಸಡಿಲವಾದರೆ ಲಟ್ಟಣಿಗೆಯ ಕೆಳಗೆ ಹರಿದೇ ಹರಿಯುತ್ತದೆ.

ಪ್ರಶ್ನೆ: ಶೇಂಗಾ ಹೋಳಿಗಿ ನಮ್ಮ ಮಕ್ಕಳಿಗಿ ಭಾಳ ಸೇರ್ತದ. ಆದ್ರ ಮಿಕ್ಸರಿನಾಗ ತಿರುವಿದ್ರ ಎಣ್ಣಿ ಬಿಟ್ಟು ಮುದ್ದಿ ಆಗ್ತದ, ಲಟ್ಟಸಾಕ ಬರಂಗಿಲ್ಲ. ಎಳ್ಳು ಎಷ್ಟು ಕೂಡಸಬಹುದು? — ಶಹಾಪುರ

ಉತ್ತರ: ಶೇಂಗಾದ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ. ಬಿಸಿಯಿರುವಾಗ ತಿರುವಿದರೆ, ಅಥವಾ ಒಂದೇ ಸಮನೆ ಮಿಕ್ಸರ್ ಓಡಿಸಿದರೆ ಆ ಎಣ್ಣೆ ಹೊರಬರುತ್ತದೆ. ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ತೆಗೆದು, ಪೂರ್ತಿ ತಣ್ಣಗಾಗಲು ಬಿಡಿ. ಒಮ್ಮೆಗೆ ಐದು ಸೆಕೆಂಡಿನಂತೆ ನಿಲ್ಲಿಸಿ ನಿಲ್ಲಿಸಿ ತಿರುವಿ. ಪುಟಾಣಿ (ಹುರಿಗಡಲೆ) ಪುಡಿಯನ್ನು ಶುರುವಿನಲ್ಲೇ ಸೇರಿಸಿಕೊಂಡರೆ ಅದು ಎಣ್ಣೆಯನ್ನು ಹೀರುತ್ತದೆ.

ಶೇಂಗಾ 200 ಗ್ರಾಂ, ಎಳ್ಳು 50 ಗ್ರಾಂ, ಪುಟಾಣಿ 30 ಗ್ರಾಂ, ಪುಡಿ ಮಾಡಿದ ಬೆಲ್ಲ 110 ಗ್ರಾಂ, ಏಲಕ್ಕಿ. ಎರಡು ಮೂರು ಚಮಚ ಬೆಚ್ಚಗಿನ ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಂತಾಗಬೇಕು. ಹಾಲು ಹಾಕಬೇಡಿ, ಬೇಗ ಕೆಡುತ್ತದೆ. ಈಗಾಗಲೇ ಮುದ್ದೆಯಾಗಿದ್ದರೆ ಇನ್ನೆರಡು ಚಮಚ ಪುಟಾಣಿ ಪುಡಿ ಕಲಸಿ ಅರ್ಧ ತಾಸು ಬಿಡಿ, ಬಹುಮಟ್ಟಿಗೆ ಸರಿಹೋಗುತ್ತದೆ.

ಎಳ್ಳು ಸಿಪ್ಪೆ ಸಹಿತವೇ ಇರಲಿ. ಕ್ಯಾಲ್ಸಿಯಂ ಬಹುಪಾಲು ಆ ಸಿಪ್ಪೆಯಲ್ಲಿದೆ. ಅಂಗಡಿಯಲ್ಲಿ ತೊಳೆದು ಹೊಳೆಯುವ ಬಿಳಿ ಎಳ್ಳು ಹಲವು ಸಲ ಸಿಪ್ಪೆ ತೆಗೆದದ್ದಾಗಿರುತ್ತದೆ. ಚಟಪಟ ಸದ್ದು ಬಂದ ಕೂಡಲೇ ಬಾಣಲೆಯಿಂದ ತೆಗೆಯಿರಿ. ಬಣ್ಣ ಏರಿತೆಂದರೆ ಕಹಿ, ಮಕ್ಕಳು ಮೊದಲ ತುತ್ತಿಗೇ ಪತ್ತೆ ಹಚ್ಚುತ್ತಾರೆ. 50 ಗ್ರಾಂ ದಾಟಿದರೂ ಅದೇ ತೊಂದರೆ.

ಶೇಂಗಾ ಹಸನು ಮಾಡುವಾಗ ಮುದುಡಿದ, ಕಪ್ಪಾದ, ಬೂಷ್ಟು ಹಿಡಿದ ಕಾಳನ್ನು ಒಂದೂ ಬಿಡದೆ ತೆಗೆದುಹಾಕಿ. ಅಂಥ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗುವುದಿಲ್ಲ. "ಬೆಲ್ಲದ ಜೊತೆ ಗೊತ್ತಾಗಲ್ಲ" ಎಂಬ ಕಾರಣಕ್ಕೆ ಕಳಪೆ ಶೇಂಗಾ ಹೋಳಿಗೆಗೆ ಬಳಸುವವರಿದ್ದಾರೆ. ಮಕ್ಕಳ ಅಡುಗೆಯಲ್ಲಿ ಅದು ಬೇಡ.

ಪ್ರಶ್ನೆ: ಎಣಗಾಯಿ ಮಾಡಿದ್ರ ಮಕ್ಕಳು ಮಸಾಲಿ ನೆಕ್ಕಿ ಬದನಿಕಾಯಿ ಬಿಡ್ತಾವ. ಎಣ್ಣಿನೂ ಭಾಳ ಹಿಡೀತದ. ಖಾರ ಕಡಿಮಿ ಮಾಡಿದ್ರ ದೊಡ್ಡೋರು ಒಪ್ಪಂಗಿಲ್ಲ. — ಬಸವಕಲ್ಯಾಣ

ಉತ್ತರ: ಬದನೆಕಾಯಿ ಬಿಡುವುದಕ್ಕೆ ಎರಡು ಕಾರಣ: ಬಲಿತ ಬೀಜದ ಕಹಿ, ಮತ್ತು ಹೊರಗೆ ಮೆತ್ತಗಾಗಿ ಒಳಗೆ ಅರೆಬೆಂದ ತಿರುಳು. ಹೆಬ್ಬೆರಳಿಂದ ಒತ್ತಿದರೆ ಪುಟಿದೇಳುವ, ಕೈಗೆ ಹಗುರ ಎನಿಸುವ, 50 ಗ್ರಾಂ ತೂಕದ ಎಳೆಕಾಯಿಗಳನ್ನು ಆರಿಸಿ. ಭಾರವಾಗಿ ಮಂಕಾಗಿ ಕಂಡರೆ ಬೀಜ ಬಲಿತಿದೆ. ತೊಟ್ಟು ಉಳಿಸಿ ತುದಿಯಿಂದ ಮುಕ್ಕಾಲು ಭಾಗದವರೆಗೆ ಮಾತ್ರ ಅಡ್ಡ–ಉದ್ದ ಸೀಳಿ ಉಪ್ಪು ನೀರಲ್ಲಿ ಹತ್ತು ನಿಮಿಷ ಬಿಡಿ. ಸೀಳು ತೊಟ್ಟಿನವರೆಗೆ ಹೋದರೆ ಬೇಯುವಾಗ ಕಾಯಿ ಬಿಚ್ಚಿ ಮಸಾಲೆಯೆಲ್ಲ ತಳಕ್ಕೆ ಸೇರುತ್ತದೆ.

ಎಂಟು ಕಾಯಿಗೆ ತುಂಬಲು ಬೇಕಾದದ್ದು: ಹುರಿದ ಶೇಂಗಾ 60 ಗ್ರಾಂ, ಎಳ್ಳು 1 ದೊಡ್ಡ ಚಮಚ, ಒಣಕೊಬ್ಬರಿ 15 ಗ್ರಾಂ, ಒಂದು ಚಮಚ ಎಣ್ಣೆಯಲ್ಲಿ ಕೆಂಪಗೆ ಹುರಿದ ಒಂದು ಉಳ್ಳಾಗಡ್ಡಿ, ಬಳ್ಳೊಳ್ಳಿ 5 ಎಸಳು, ಜೀರಿಗೆ ಮತ್ತು ಕೊತ್ತಂಬರಿ ಬೀಜದ ಪುಡಿ ಒಂದೊಂದು ಚಮಚ, ಗಟ್ಟಿ ಹುಣಸೆ ರಸ 1 ದೊಡ್ಡ ಚಮಚ, ಬೆಲ್ಲ 1 ಚಮಚ, ಉಪ್ಪು ಮುಕ್ಕಾಲು ಚಮಚ, ಅರಿಶಿಣ. ಗುರೆಳ್ಳು ಹಾಕುವ ರೂಢಿಯಿದ್ದರೆ ಮಕ್ಕಳ ಪಾಲಿಗೆ ಅರ್ಧ ಚಮಚ ದಾಟದಿರಲಿ, ಅದರ ಒಗರು ಅವರಿಗೆ ಹಿಡಿಸುವುದಿಲ್ಲ. ಇದಕ್ಕೆ ಮೂರು ದೊಡ್ಡ ಚಮಚ ಗಟ್ಟಿಯಾಗಿ ಬೆಂದ ತೊಗರಿಬೇಳೆ ಮತ್ತು ತುರಿದು ಹಿಂಡಿದ ಒಂದು ಗಜ್ಜರಿ ಕಲಸಿ. ಬೇಳೆ ಮಸಾಲೆಯನ್ನು ಹಿಡಿದಿಡುತ್ತದೆ, ಗಜ್ಜರಿಯ ಸಿಹಿ ಕಹಿಯನ್ನು ಮರೆಸುತ್ತದೆ. ಗಜ್ಜರಿ ಹಿಂಡದೆ ಹಾಕಿದರೆ ಉಪ್ಪು ತಗುಲಿದ ಕೂಡಲೇ ನೀರು ಬಿಟ್ಟು ಮಸಾಲೆ ಜಾರುತ್ತದೆ.

ಇಷ್ಟರವರೆಗೆ ಖಾರಪುಡಿ ಹಾಕಿಲ್ಲ ಎಂಬುದನ್ನು ಗಮನಿಸಿ. ಈಗ ಮಸಾಲೆಯನ್ನು ಎರಡು ಪಾಲು ಮಾಡಿ. ಮಕ್ಕಳ ಪಾಲಿಗೆ ಕಾಲು ಚಮಚ ಖಾರ, ದೊಡ್ಡವರ ಪಾಲಿಗೆ ನಿಮ್ಮ ರೂಢಿಯಷ್ಟು. ಮಕ್ಕಳ ಕಾಯಿಗಳ ತೊಟ್ಟನ್ನು ಕತ್ತರಿಸಿ ಗಿಡ್ಡ ಮಾಡಿದರೆ ಗುರುತು ಸಿಗುತ್ತದೆ, ಒಂದೇ ಬಾಣಲೆಯಲ್ಲಿ ಎರಡೂ ಬೇಯುತ್ತವೆ.

ಎಣ್ಣೆ ಕಡಿಮೆ ಮಾಡಲು ಕಾಯಿಯನ್ನು ಮೊದಲು ಹಬೆಯಲ್ಲಿ ಬೇಯಿಸಬೇಕು. ಹಸಿ ಬದನೆಯ ತಿರುಳಿನ ತುಂಬ ಗಾಳಿಯ ಗೂಡುಗಳಿರುತ್ತವೆ, ನೇರ ಎಣ್ಣೆಗೆ ಬಿದ್ದರೆ ಹೀರಿಕೊಳ್ಳುತ್ತಲೇ ಇರುತ್ತದೆ. ತುಂಬಿದ ಕಾಯಿಗಳನ್ನು ಇಡ್ಲಿ ತಟ್ಟೆಯಲ್ಲಿಟ್ಟು ಹತ್ತು ನಿಮಿಷ ಹಬೆ ಕೊಟ್ಟರೆ ಆ ಗೂಡುಗಳು ಕುಸಿಯುತ್ತವೆ. ಆಮೇಲೆ ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು ಸಿಡಿಸಿ, ಕಾಯಿಗಳನ್ನು ಮಲಗಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಒಮ್ಮೆ ಮಗುಚಿ ಆರೇಳು ನಿಮಿಷ ಇಡಿ. ಉಳಿದ ಮಸಾಲೆಗೆ ಅರ್ಧ ಬಟ್ಟಲು ನೀರು ಬೆರೆಸಿ ಸುತ್ತ ಸುರಿದು ಒಂದು ಕುದಿ ಕುದಿಸಿದರೆ ಆಯಿತು. ಶೇಂಗಾ, ಕೊಬ್ಬರಿ ತಮ್ಮ ಎಣ್ಣೆಯನ್ನೂ ಬಿಡುವುದರಿಂದ ಮೇಲೆ ತೇಲುವ ಹೊಳಪು ಹೇಗೂ ಬರುತ್ತದೆ.

ಇದಾದರೂ ಬದನೆ ಒಲ್ಲೆ ಎನ್ನುವ ಮಗುವಿಗೆ ಅದೇ ಮಸಾಲೆಯನ್ನು ಸಣ್ಣ ಡೊಣಮೆಣಸಿನಕಾಯಿಯಲ್ಲೋ ಬೀಜ ತೆಗೆದ ಗಟ್ಟಿ ಟೊಮೆಟೊದಲ್ಲೋ ತುಂಬಿಕೊಡಿ. ತುಂಬುವ ಕೆಲಸವನ್ನು ಮಕ್ಕಳ ಕೈಗೇ ಕೊಡುವುದು ಒಳ್ಳೆಯದು. ತರಕಾರಿಯನ್ನು ಗುಟ್ಟಾಗಿ ಅಡಗಿಸಿ ತಿನ್ನಿಸುವುದಕ್ಕಿಂತ ಅದು ಹೆಚ್ಚು ದಿನ ಬಾಳುತ್ತದೆ.

ಪ್ರಶ್ನೆ: ನಮ್ಮ ಹುಡುಗಿಗಿ ಸಿಹಿನೇ ಸೇರಂಗಿಲ್ಲ. ಹಸಿ ತೊಗರಿ ಕಾಳು ಹೊಲದಾಗ ಬಂದಾವ. ಖಾರದ ಹೂರಣ ಮಾಡಿ ಜ್ವಾಳದ ರೊಟ್ಟ್ಯಾಗ ತುಂಬಬಹುದಾ? — ಸೇಡಂ

ಉತ್ತರ: ಹೂರಣ ಮಾಡಬಹುದು. ಬರೀ ಜೋಳದ ಹಿಟ್ಟಿನಲ್ಲಿ ತುಂಬಿ ಲಟ್ಟಿಸುವುದು ಮಾತ್ರ ಆಗದು. ಜೋಳಕ್ಕೆ ಗೋಧಿಯ ಜಿಗುಟಿಲ್ಲ, ಎಳೆದರೆ ಬಿರಿಯುತ್ತದೆ. ಜೋಳ, ಗೋಧಿ ತಲಾ 150 ಗ್ರಾಂ ತೆಗೆದುಕೊಳ್ಳಿ. ಜೋಳದ ಹಿಟ್ಟಿಗೆ ಮಾತ್ರ ಕುದಿಯುವ ನೀರು ಹಾಕಿ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಗೋಧಿ ಹಿಟ್ಟು ಸೇರಿಸಿ ನಾದಿ.

ಸುಲಿದ ಕಾಳು 250 ಗ್ರಾಂ ಇರಲಿ, ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಮುಚ್ಚದೆ ಏಳೆಂಟು ನಿಮಿಷ ಬೇಯಿಸಿ ಬಸಿಯಿರಿ. ಮುಚ್ಚಿದರೆ ಹಸಿರು ಬಣ್ಣ ಮಂಕಾಗುತ್ತದೆ. ಬಳ್ಳೊಳ್ಳಿ 4 ಎಸಳು, ಜೀರಿಗೆ 1 ಚಮಚ, ಅರ್ಧ ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಜೊತೆ ಒರಳಲ್ಲಿ ಜಜ್ಜಿ. ಪೂರ್ತಿ ನುಣ್ಣಗೆ ಬೇಡ, ಅಲ್ಲಲ್ಲಿ ಅರ್ಧ ಕಾಳು ಸಿಗಲಿ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆಗೆ ಹೆಚ್ಚಿದ ಮೆಂತ್ಯ ಸೊಪ್ಪು ಒಂದು ಹಿಡಿ ಹಾಕಿ ಬಾಡಿಸಿ, ಜಜ್ಜಿದ್ದನ್ನು ಸೇರಿಸಿ ಬಾಣಲೆಗೆ ಹತ್ತುವುದು ಬಿಡುವವರೆಗೆ ಹುರಿಯಿರಿ. ಎರಡು ದೊಡ್ಡ ಚಮಚ ಶೇಂಗಾ ಪುಡಿ ಸೇರಿಸಿ ಇಳಿಸಿ, ಆರಿದ ಮೇಲೆ ನಿಂಬೆರಸ ಹಿಂಡಿ. ಬಿಸಿಯಲ್ಲೇ ತುಂಬಿದರೆ ಹಬೆಗೆ ಕಣಕ ಒದ್ದೆಯಾಗಿ ಹರಿಯುತ್ತದೆ.

ರೊಟ್ಟಿಗಿಂತ ಇದರಲ್ಲಿ ಕಡಬು ಸುಲಭ. ಪೂರಿಯಷ್ಟು ಲಟ್ಟಿಸಿ, ಒಂದು ದೊಡ್ಡ ಚಮಚ ತುಂಬಿ, ಅಂಚಿಗೆ ನೀರು ಸವರಿ ಮಡಚಿ ಒತ್ತಿ, ಹನ್ನೆರಡು ನಿಮಿಷ ಹಬೆಯಲ್ಲಿಡಿ. ಅಂಚಿಗೆ ಹೂರಣ ತಗುಲಿದ್ದರೆ ಅದು ಕೂಡುವುದಿಲ್ಲ. ಉಳಿದ ಭಜ್ಜಿಯನ್ನೂ ಹುರಿದ ಕಡಲೆಹಿಟ್ಟು ಹಾಕಿ ಗಟ್ಟಿ ಮಾಡಿಕೊಂಡರೆ ಮರುದಿನ ಹೀಗೆಯೇ ತುಂಬಲು ಬರುತ್ತದೆ.

ಪ್ರಶ್ನೆ: ಒಂದೂವರೆ ವರ್ಷದ ಕೂಸಿಗಿ ಹೋಳಿಗಿ ಕೊಡಬಹುದಾ? ಹೊಲಕ್ಕ ಬುತ್ತಿ ಒಯ್ಯಾಕ ಹಿಂದಿನ ದಿನ ಮಾಡಿಟ್ರ ನಡೀತದಾ? — ಯಾದಗಿರಿ

ಉತ್ತರ: ಎರಡು ವರ್ಷ ತುಂಬುವವರೆಗೆ ಸಿಹಿ ಬೇಡ. ಬೆಲ್ಲ ಸೇರಿಸುವ ಮೊದಲೇ ಎರಡು ಚಮಚ ಅರೆದ ಬೇಳೆ–ಗೆಣಸು ತೆಗೆದಿಟ್ಟು, ತುಪ್ಪ ಹಾಕಿ ಕೊಡಿ. ಕೂಸಿಗೂ ಹಬ್ಬವಾಯಿತು. ಇಡೀ ಶೇಂಗಾ ಕಾಳನ್ನು ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ, ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಶೇಂಗಾ ಮೊದಲ ಸಲ ತಿನ್ನುವ ಕೂಸಾದರೆ ನುಣ್ಣಗಿನ ಪುಡಿಯನ್ನು ಮನೆಯಲ್ಲೇ ಚೂರು ಕೊಟ್ಟು ನೋಡಿ. ಮೈಮೇಲೆ ದದ್ದು, ತುಟಿ ಬಾವು, ಉಬ್ಬಸ ಕಂಡರೆ ತಕ್ಷಣ ವೈದ್ಯರ ಬಳಿ ಒಯ್ಯಿರಿ. ಮೊದಲ ಪರೀಕ್ಷೆ ಹೊಲದಲ್ಲಿ ಬೇಡ, ಅಲ್ಲಿಂದ ಆಸ್ಪತ್ರೆ ದೂರ.

ಬುತ್ತಿಗೆ ಶೇಂಗಾ ಹೋಳಿಗೆಯನ್ನು ಎರಡು ದಿನ ಮೊದಲೇ ಮಾಡಿಡಬಹುದು. ಬೇಳೆಯ ಹೋಳಿಗೆ ಹಾಗಲ್ಲ. ಬೆಲ್ಲ ಕಡಿಮೆಯಾದಷ್ಟೂ ಹೂರಣ ಬೇಗ ಹುಳಿಯುತ್ತದೆ, ಗೆಣಸು ಸೇರಿದ್ದರೆ ಇನ್ನೂ ಬೇಗ. ಹಿಂದಿನ ದಿನ ಹೂರಣವನ್ನಷ್ಟೇ ಮಾಡಿ ಫ್ರಿಜ್‌ನಲ್ಲಿಟ್ಟು, ನಸುಕಿನಲ್ಲಿ ತೆಗೆದು ಮೆತ್ತಗಾದ ಮೇಲೆ ಲಟ್ಟಿಸಿ. ಬೇಯಿಸಿದ ಹೋಳಿಗೆಗಳನ್ನು ಒಂದರ ಮೇಲೊಂದು ಪೇರಿಸದೆ ಬಟ್ಟೆಯ ಮೇಲೆ ಹರಡಿ ಆರಿಸಿ, ಆಮೇಲೆ ಡಬ್ಬಿಗೆ ಹಾಕಿ. ಬಿಸಿಯಲ್ಲಿ ಮುಚ್ಚಿದರೆ ಮುಚ್ಚಳದ ಹನಿ ಬಿದ್ದು ಮೇಲಿನ ಹೋಳಿಗೆ ಒದ್ದೆಯಾಗುತ್ತದೆ, ಸಂಜೆಗೆ ಹುಳಿವಾಸನೆ ಬರುವುದು ಅಲ್ಲಿಂದಲೇ. ಸಂಜೆ ಮನೆಗೆ ಬಂದ ಮೇಲೆ ಉಳಿದಿದ್ದರೆ ಮುರಿದು ಮೂಸಿ ನೋಡಿ. ಹೂರಣ ನೂಲಿನಂತೆ ಎಳೆ ಬಿಟ್ಟರೆ ಮಕ್ಕಳಿಗೆ ಕೊಡಬೇಡಿ.